ಆಯುಧಪೂಜೆಯ ದಿನ ಊದಿಕೊಂಡ ಬಾಗಿಲು

ಕರೆಂಟಿನಿಂದ ಓಡಿ ಮರ ಹೆರೆಯುವ ಉಜ್ಜುಗೊರಡನ್ನು ಕಂಡರೆ ಬೆಂಗಳೂರಿನ ಮಾರೇನಹಳ್ಳಿಯ ಬಡಗಿ ಬೈರಯ್ಯನಿಗೆ ಮೈಯೆಲ್ಲ ಉರಿ. "ಅದೂ ಒಂದು ಆಯುಧವೇನ್ರೀ? ಕೈಯಲ್ಲಿ ಕಸುವಿಲ್ಲದವರ ಆಟದ ಸಾಮಾನು!" ಎಂದು ಬೀದಿಗೆಲ್ಲ ಸಾರುತ್ತಿದ್ದ. ಎದುರುಮನೆಯ ಬಡಗಿ ಅಂಜಿನಯ್ಯನಿಗೆ ಕೇಳಲೆಂದೇ ಆ ಮಾತು. ಅಂಥ ಮಿಷಿನ್ನು ತಂದವನು ಅವನೇ.

ಆಯುಧಪೂಜೆಯ ದಿನ ಬೈರಯ್ಯ ಉಳಿ, ಗರಗಸ, ಉಜ್ಜುಗೊರಡುಗಳಿಗೆ ಕುಂಕುಮವಿಟ್ಟು ಕೈಮುಗಿದು ಏಳುವಷ್ಟರಲ್ಲಿ ಶಂಭುಲಿಂಗಪ್ಪನವರ ಸ್ಕೂಟರು ಬಂದು ನಿಂತಿತು. ವಿಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು.

"ನಾಳೆ ಗೃಹಪ್ರವೇಶ ಕಣಯ್ಯ! ಮಳೆಗೆ ಹೆಬ್ಬಾಗಿಲು ಊದ್ಕೊಂಡು ಮುಚ್ಚೋಕೇ ಆಗ್ತಿಲ್ಲ. ಸರಿಮಾಡು, ಮೇಲಿನ ಮಹಡಿ ಮರಗೆಲಸವೆಲ್ಲ ನಿನಗೇ."

ಮಹಡಿ ಕೆಲಸವೆಂದರೆ ವರ್ಷದ ಅನ್ನ. ಬೈರಯ್ಯ ಉಜ್ಜುಗೊರಡಿಗೆ ಕೈಚಾಚಿದ. ಹೆಂಡತಿ ರಾಮಮ್ಮ ಅಡ್ಡ ನಿಂತಳು.

"ಪೂಜೆಗೆ ಕೂತಿರೋದನ್ನ ಮುಟ್ಟಿದ್ರೆ ನೋಡಿ! ನಾಳೆಯೇ ತೆಗೀಬೇಕು."

"ಹಂಗಾದ್ರೆ ಬಾಗಿಲನ್ನ ಹಲ್ಲಲ್ಲಿ ಉಜ್ಜಲೇನೇ?"

ಗಲಾಟೆಗೆ ನೆರೆಹೊರೆಯೆಲ್ಲ ಸೇರಿತು. ಪಕ್ಕದಮನೆ ಪಟಾಲಮ್ಮ, ಕೇಳದಿದ್ದರೂ, ಉಪಾಯ ಹೇಳಿಯೇಬಿಟ್ಟಳು: "ಅಂಜಿನಯ್ಯನ ಮಿಷಿನ್ನು ಆಯುಧವೇ ಅಲ್ಲ ಅಂತೀರಲ್ಲಣ್ಣ. ಅದನ್ನ ಮುಟ್ಟಿದ್ರೆ ಏನು ದೋಷ?"

ಬೈರಯ್ಯ ಮಾನ ನುಂಗಿಕೊಂಡು ಬೀದಿ ದಾಟಿದ. ಅಂಜಿನಯ್ಯ ಒಂದು ಚುಚ್ಚುಮಾತೂ ಆಡಲಿಲ್ಲ. "ತಗೊಂಡ್ಹೋಗಪ್ಪ, ನಾನು ಸಂಜೆಗೆ ಪೂಜೆ ಮಾಡ್ಕೋತೀನಿ" ಎಂದು ನಗುನಗುತ್ತಲೇ ಕೊಟ್ಟ.

ಹೊಸಮನೆಯಲ್ಲಿ ಮಿಷಿನ್ನು ಗುಂಯ್ ಎಂದು ಎದ್ದಿದ್ದೇ, ಕಟ್ಟು ಹರಿದ ಹೋರಿಯಂತೆ ಬೈರಯ್ಯನನ್ನೇ ಎಳೆದುಕೊಂಡು ಹೊರಟಿತು. ಮರದ ಸಿಪ್ಪೆ ಹಾರಿ ಶಂಭುಲಿಂಗಪ್ಪನವರ ಮೀಸೆ ಕಾಣದಾಯಿತು. ಆದರೆ ಬೈರಯ್ಯ ಬಿಡುವ ಆಸಾಮಿಯೇ? ಅದನ್ನು ಹಿಡಿದು, ಒಲಿಸಿ, ಪಳಗಿಸಿದ. ಕಡೆಗೆ ಬಾಗಿಲು ಕಿರುಬೆರಳಲ್ಲಿ ತಳ್ಳಿದ್ದಕ್ಕೇ ಮುಚ್ಚಿಕೊಂಡಿತು.

"ಮಿಷಿನ್ನು ಯಾರದ್ದಾದ್ರೇನು ಸ್ವಾಮಿ, ಕೈ ಬೈರಯ್ಯನದು!" ಎಂದು ಎದೆಯುಬ್ಬಿಸಿ ನಿಂತ. ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಅವನಿಗಿಂತ ದೊಡ್ಡ ಮನುಷ್ಯನೇ ಇರಲಿಲ್ಲ.

ಸದ್ದು ಕೇಳಿ ಶಂಭುಲಿಂಗಪ್ಪನವರ ತಾಯಿ ನೀಲಗಂಗಮ್ಮ ಹೊರಗೆ ಬಂದರು. ಆ ಮನೆಯಲ್ಲಿ ಅವರದೇ ಕಡೆಯ ಮಾತು. ಬಾಗಿಲನ್ನು ಸವರಿ ನೋಡಿದರು.

"ಕೆಲಸವೇನೋ ಚೆನ್ನಾಗಿದೆ. ಮಹಡಿ ಮಾತ್ರ ಇವನಿಗೆ ಬೇಡ ಕಣೋ ಶಂಭು. ಆಯುಧಪೂಜೆ ದಿನ ಮರ ಉಜ್ಜೋ ಕೈ ನಮಗ್ಯಾಕೆ?"

"ಮತ್ತೆ ಯಾರಿಗೆ ಕೊಡೋದಮ್ಮ?"

"ಬೆಳಿಗ್ಗೆ ನೀನು ಮೊದಲು ಕರೆಯೋಕೆ ಹೋಗಿದ್ದೆಯಲ್ಲ, 'ಪ್ರಾಣ ಹೋದ್ರೂ ಇವತ್ತು ಕೆಲಸ ಮುಟ್ಟಲ್ಲ, ಬೇಕಾದ್ರೆ ಬೈರಯ್ಯನ್ನ ಕೇಳಿ' ಅಂದನಂತಲ್ಲ, ಆ ಅಂಜಿನಯ್ಯನಿಗೆ. ಪಾಪ, ಎಂಥ ದೈವಭಕ್ತ!"