ಮದುವೆಯಿಲ್ಲದ ಪಿಕ್ಚರ್

ನಮ್ಮ ಸೋದರಮಾವನ ಹತ್ತಿರ ತಲೆನೋವು ಎಂದು ಯಾರೂ ಹೇಳಿಕೊಳ್ಳಬಾರದು. ಅವರು ಮಾತ್ರೆ ಕೊಡುವುದಿಲ್ಲ, ಸಿ.ಡಿ. ಕೊಡುತ್ತಾರೆ! ಅದೂ ಎರಡು. ಇಂಟರ್‌ವಲ್‌ಗೆ ಮುಂಚೆ ಒಂದು, ಆಮೇಲೆ ಇನ್ನೊಂದು. ಪಥ್ಯವೂ ಉಂಟು: ನೋಡುತ್ತಿರುವಾಗ ಕರೆಂಟು ಬಿಲ್ಲಿನ ಮಾತೆತ್ತಕೂಡದು.

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಅವರು ಗುಮಾಸ್ತರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇನ್ನೂ ಅಂಟಿಕೊಂಡಿದೆಯೋ ಎಂದು ಹೇಳುವುದು ಅಲ್ಲಿ ಎಲ್ಲರಿಗೂ ಬರುವ ವಿದ್ಯೆ. ಮಾವ ಅದನ್ನು ಮನುಷ್ಯರ ಮೇಲೂ ಪ್ರಯೋಗಿಸಿದರು, ಅಷ್ಟೇ. ಅಲ್ಲಾಡಿಸುವ ಬದಲು "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಉತ್ತರ ಯಾರಿಗೆ ಬೇಕು, ಅವರಿಗೆ ಬೇಕಾದದ್ದು ದನಿ. "ಆಯ್ತೂ..." ಎಂದು ಎಳೆದವರಿಗೆ ಹಾಡುಗಳಿರುವ ಪಿಕ್ಚರ್. "ಆಯ್ತು" ಎಂದು ಕತ್ತರಿಸಿದವರಿಗೆ ಹೊಡೆದಾಟದ್ದು. "ಆಯ್ತು, ನಿಮ್ದು?" ಎಂದು ತಿರುಗಿ ಕೇಳಿದರೋ, ಅವರು ಆರೋಗ್ಯವಾಗಿದ್ದಾರೆ, ಯಾವ ಪಿಕ್ಚರೂ ಬೇಡ!

ನಾನೋ, ಊರಿನವರ ದನಿಯನ್ನೆಲ್ಲ ಕದ್ದು ಬದುಕುತ್ತಿದ್ದವನು. ನನಗೆ ಸ್ವಂತದ್ದೊಂದು ದನಿ ಇದೆಯೋ ಇಲ್ಲವೋ ಎಂದು ಮನೆಯವರಿಗೇ ಅನುಮಾನವಿತ್ತು. ಈ ಮಾವನನ್ನು ಪರೀಕ್ಷೆ ಮಾಡದೆ ಬಿಡುವುದುಂಟೇ? ಒಂದು ದಿನ ಅವರ ಮನೆಯ ಬಾಗಿಲ ಹಿಂದೆ ನಿಂತು, ಪಕ್ಕದ ಮನೆಯ ಲೆಕ್ಕದ ಮೇಷ್ಟ್ರ ಗಂಟಲಲ್ಲಿ ಕೂಗಿದೆ.

"ಇದೀರೇನ್ರೀ?"

"ಊಟ ಆಯ್ತಾ ಮೇಷ್ಟ್ರೇ?"

"ಆಯ್ತು, ಆಯ್ತು."

ಒಳಗಿಂದಲೇ ಮಾವ ಹೇಳಿದರು: "ಮೇಷ್ಟ್ರಿಗೆ ನಗೋ ಪಿಕ್ಚರ್ ಬೇಕು ಕಣೋ. ನಿನಗೆ ಬೆನ್ನ ಮೇಲೊಂದು ಗುದ್ದು. ಒಳಗೆ ಬಾ."

ಗುದ್ದು ಬಿತ್ತು. ಆದರೆ ಮಾವ ಅಷ್ಟಕ್ಕೇ ಬಿಡಲಿಲ್ಲ, ನಿಜವಾಗಿಯೂ ಒಂದು ನಗೆಚಿತ್ರ ತಂದು ಮೇಷ್ಟ್ರ ಮನೆಗೆ ಕೊಟ್ಟರು. ಮೇಷ್ಟ್ರಿಗೆ ಬೆಳಿಗ್ಗೆಯಷ್ಟೇ ವರ್ಗಾವಣೆಯ ಆರ್ಡರ್ ಬಂದಿತ್ತಂತೆ. ಅವತ್ತು ಬೀದಿಯಲ್ಲಿ ಕೇಳಿ ಅವರ ದನಿಯನ್ನು ಕದ್ದವನು ನಾನು. ಅದರೊಳಗೆ ಬೇಸರವೂ ಇತ್ತು ಎಂದು ಕಂಡುಹಿಡಿದವರು ಮಾವ!

ಅತ್ತೆ ಮಾತ್ರ ಈ ವೈದ್ಯವನ್ನು ನಂಬಿದವರಲ್ಲ. "ಊರೋರ್ಗೆಲ್ಲ ಹೇಳ್ತೀರಲ್ಲ, ನನಗ್ಯಾವ್ದು ಸರಿ ಹೇಳ್ರೀ ನೋಡೋಣ" ಎಂದು ಸವಾಲು ಹಾಕಿದರು.

"ನಿನ್ನ ಮಾತಿಗೆ ಇಂಟರ್‌ವಲ್ಲೇ ಇಲ್ವಲ್ಲೇ, ಸಿ.ಡಿ. ಎಲ್ಲಿ ಬದಲಾಯಿಸ್ಲಿ?"

ಅಂದು ರಾತ್ರಿ ಮಾವ ನಮ್ಮ ಮನೆಯಲ್ಲಿ ಉಂಡರು.

ಇಂಥ ಧನ್ವಂತರಿಯೂ ಬೆವರಿದ್ದು ನಮ್ಮ ಅಕ್ಕನ ಮುಂದೆ. ಅವಳಿಗೆ ಬೇಲೂರಿನ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಛತ್ರವನ್ನೂ ಗೊತ್ತು ಮಾಡಿದ್ದಾಗಿತ್ತು. ಇದ್ದಕ್ಕಿದ್ದಂತೆ, "ಹುಡುಗನಿಗೆ ಮನಸ್ಸಿಲ್ಲ" ಎಂದು ಹುಡುಗನ ಮನೆಯವರು ಯಾರದೋ ಬಾಯಲ್ಲಿ ಹೇಳಿ ಕಳಿಸಿದರು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದಳು, ಮಿಕ್ಕ ಹೊತ್ತೆಲ್ಲ ನಡುಮನೆಯ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಪಿಕ್ಚರ್ ನೋಡುವಾಗ ಹೀರೋಗೇ ಬುದ್ಧಿ ಹೇಳುತ್ತಿದ್ದ ಹುಡುಗಿ! ಮಾವ "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ತಲೆಯಾಡಿಸಿದಳು, ದನಿಯೇ ಬರಲಿಲ್ಲ.

"ಏನಾದ್ರೂ ಮಾಡೋ," ಎಂದಳು ಅಮ್ಮ ತನ್ನ ತಮ್ಮನಿಗೆ. "ಅವಳ ಕಣ್ಣು ಆ ಗೋಡೆ ಬಿಟ್ಟು ಈಚೆಗೆ ಬಂದ್ರೆ ಸಾಕು."

ಮಾವ ಮೊದಲು ತಂದದ್ದು ನಗೆಚಿತ್ರ. ಹತ್ತು ನಿಮಿಷವೂ ಆಗಿರಲಿಲ್ಲ, ಪೀಪೀ ಡೋಲು! ಹೀರೋನ ಗೆಳೆಯನಿಗೆ ಮದುವೆಯಂತೆ. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಪೌರಾಣಿಕ ತಂದರು, ಶುರುವಿನಲ್ಲೇ ಕಲ್ಯಾಣೋತ್ಸವ. ದೇವರಿಗೂ ಬೇರೆ ಕೆಲಸ ಬೇಡವೇ? ಸರಿ, ದೆವ್ವದ್ದೇ ಆಗಲಿ ಎಂದು ತಂದರೆ, ಆ ದೆವ್ವ ಬಾಸಿಂಗ ಕಟ್ಟಿಕೊಂಡು ಬಾವಿಯಿಂದ ಎದ್ದು ಬಂತು!

ಮಾವ ಸಿ.ಡಿ. ಅಂಗಡಿಗೆ ಹೋಗಿ ಗಂಭೀರವಾಗಿ ಕೇಳಿದರು: "ಮದುವೆ ಇಲ್ದಿರೋ ಪಿಕ್ಚರ್ ಕೊಡಪ್ಪ."

ಅಂಗಡಿಯವನು ಕಂಗಾಲಾದ. "ಮದುವೆ ಇಲ್ದಿದ್ರೆ ಪಿಕ್ಚರ್ ಮುಗಿಯೋದು ಹೆಂಗೆ ಸಾರ್?"

ಆವತ್ತಿನಿಂದ ಮಾವ ಅವನ ಅಂಗಡಿಯಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಪಿಕ್ಚರನ್ನು ಓಡಿಸಿ ಓಡಿಸಿ ನೋಡುವುದು, ಹಾರ ಕಂಡ ಕೂಡಲೇ ಸಿ.ಡಿ. ಈಚೆಗೆ ತೆಗೆಯುವುದು. ಒಂದೊಂದು ಪಿಕ್ಚರಿನಲ್ಲಿ ಹಾರ ಹಾಕಿದ್ದು ಮಂತ್ರಿಗೆ. ಆದರೂ ರಿಸ್ಕ್ ಬೇಡವೆಂದು ಬಿಟ್ಟರು! ಅರಸೀಕೆರೆ ಮುಗಿಯಿತು. ಮಂಡಿಗೆ ರಜೆ ಹಾಕಿ ಬಸ್ಸು ಹತ್ತಿದರು. ಜಾವಗಲ್ ಆಯಿತು, ಹಳೇಬೀಡಾಯಿತು, ಬೇಲೂರೂ ಆಯಿತು. ಅಮ್ಮನಿಗೆ ಜೀವವೇ ಹೋದಂತಾಯಿತು.

"ಬೇಲೂರಿಗೆ ಯಾಕೋ ಹೋದೆ? ಆ ಮನೆಯೋರ ಹತ್ರ ಜಗಳ ಆಡಿದ್ಯಾ?"

"ಅವರ ಬಾಗ್ಲು ಮುಂದೇನೇ ಹೋದೆ ಕಣಕ್ಕ. ಕೈ ತುರಿಸ್ತು. ಆದ್ರೆ ಸಿ.ಡಿ. ಅಂಗಡಿ ಮುಚ್ಚೋ ಹೊತ್ತಾಗಿತ್ತು."

ಆ ಅಂಗಡಿಯಲ್ಲೇ ಸಿಕ್ಕಿತ್ತು ಸಂಜೀವಿನಿ. ಇಂಗ್ಲಿಷ್ ಪಿಕ್ಚರ್. ಸಮುದ್ರದೊಳಗೆ ಹೋಗುವ ಯುದ್ಧದ ಹಡಗೊಂದು, ಅದರ ತುಂಬ ಗಡ್ಡ ಬಿಟ್ಟ ಗಂಡಸರು. "ಒಂದು ಹೆಂಗಸಿಲ್ಲ, ಹೂವಿಲ್ಲ. ನೀರೊಳಗೆ ಪುರೋಹಿತ ಹೆಂಗೆ ಬರ್ತಾನೆ ಹೇಳು!" ಎಂದು ಮಾವ ಎದೆ ತಟ್ಟಿಕೊಂಡರು.

ಭಾನುವಾರ ಮಧ್ಯಾಹ್ನ ಎಲ್ಲರೂ ಟಿ.ವಿ. ಮುಂದೆ ಕೂತೆವು. ಅಕ್ಕನನ್ನು ಅಮ್ಮ ಕೈಹಿಡಿದು ತಂದು ಕೂರಿಸಿದಳು. ಇಂಗ್ಲಿಷು ಯಾರಿಗೂ ಅರ್ಥವಾಗದು, ಹಾಗಾಗಿ ಡಬ್ಬಿಂಗ್ ನನ್ನದು. ಕ್ಯಾಪ್ಟನ್ ಬಾಯಿ ತೆರೆದರೆ ನಾನು: "ಏನ್ಲಾ, ನೀರು ಎಷ್ಟಾಳ ಐತ್ಲಾ?" ಸಿಪಾಯಿ ಬಾಯಿ ತೆರೆದರೆ: "ನಮ್ಮ ಕೆರೆಗಿಂತ ಜಾಸ್ತಿ ಐತೆ ಬುದ್ಧೀ!" ಅಪ್ಪ ನಕ್ಕರು, ಅಮ್ಮ ನಕ್ಕಳು. ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು. ನನ್ನ ಜೀವಮಾನದಲ್ಲೇ ಅಂಥ ಕೆಟ್ಟ ಸಭೆ ಕಂಡಿರಲಿಲ್ಲ.

ಅಷ್ಟರಲ್ಲಿ ಶತ್ರುಗಳ ಬಾಂಬು ಬಿತ್ತು. ಹಡಗು ಒಡೆದು ನೀರು ನುಗ್ಗಿತು, ದೀಪಗಳು ಆರಿದವು. ಹಡಗು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯತೊಡಗಿತು. ಕ್ಯಾಪ್ಟನ್ ಮೆಲ್ಲಗೆ ಜೇಬಿಗೆ ಕೈಹಾಕಿ ಒಂದು ಫೋಟೋ ತೆಗೆದ. ಬಿಳಿ ಬಟ್ಟೆಯ ಮದುಮಗಳು, ಪಕ್ಕದಲ್ಲಿ ಸೂಟು ಹಾಕಿದ ಅವನೇ!

ಓಡಿಸಿ ನೋಡಿದ್ದರಲ್ಲ, ಇದು ಕಣ್ತಪ್ಪಿಹೋಗಿತ್ತು. ಮಾವ ಚಂಗನೆ ಹಾರಿ ಟಿ.ವಿ.ಗೆ ಅಡ್ಡ ನಿಂತು ಎರಡೂ ಕೈಯಲ್ಲಿ ಟವೆಲ್ಲು ಹರಡಿ ಹಿಡಿದರು. ಬೆನ್ನ ಹಿಂದೆ ಬಾಂಬು ಸಿಡಿಯುತ್ತಲೇ ಇತ್ತು.

"ಅದು... ಅವನ ತಂಗಿ ಫೋಟೋ," ಎಂದು ತೊದಲಿದರು.

"ತಂಗೀನ ಯಾರ್ರೀ ಹಂಗೆ ತಬ್ಕೊಂಡು ನಿಲ್ತಾರೆ?" ಎಂದರು ಅತ್ತೆ.

ನನ್ನ ಬಾಯಿಗೆ ಯಾರ ದನಿಯೂ ಸಿಗಲಿಲ್ಲ. ಮಾವ ಟವೆಲ್ಲನ್ನು ಇಳಿಸದೆ ಹಾಗೇ ನಿಂತಿದ್ದರು. ನಾಲ್ಕು ಊರು ಅಲೆದು ಹುಡುಕಿ ತಂದದ್ದು ಇದೇ ಆಯಿತಲ್ಲ ಎಂಬ ಮುಖ.

"ಮಾವ."

ಅಕ್ಕನ ದನಿ. ಎಷ್ಟೋ ದಿನ ಬಳಸದೆ ಸ್ವಲ್ಪ ಒರಟಾಗಿತ್ತು. ಅವಳು ಕತ್ತನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಚಾಚಿ ಟವೆಲ್ಲಿನ ಪಕ್ಕದಿಂದ ಇಣುಕುತ್ತಿದ್ದಳು.

"ಒಂಚೂರು ಆ ಕಡೆ ಸರ್ಕೊಳ್ಳಿ ಮಾವ. ಹಡಗು ಮೇಲಕ್ಕೆ ಬರುತ್ತೋ ಇಲ್ವೋ ನೋಡ್ಬೇಕು."

ಮಾವ ಸರಿದರು. ಗೋಡೆಗೆ ಒರಗಿ ಕೆಳಗೆ ಕೂತು, ಅದೇ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಹಡಗು ಮೇಲೆ ಬಂದದ್ದನ್ನು ಅವರು ನೋಡಲೇ ಇಲ್ಲ.