ಪುಸ್ತಕದಲ್ಲಿ ಮುದುಕ ಸಾಯುತ್ತಾನೆ

ನನಗೊಂದು ಕೆಟ್ಟ ಚಟವಿದೆ. ಎಲೆ ಅಡಿಕೆಯಲ್ಲ, ಇಸ್ಪೀಟಲ್ಲ. ಅವಾದರೆ ಬಿಡಿಸಲು ಹಿತೈಷಿಗಳು ಸಿಗುತ್ತಾರೆ. ನನ್ನದು ತಾಳೆ ನೋಡುವ ಚಟ. ಗದುಗಿನ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷಗಳಿಂದ ಪ್ರೂಫ್ ತಿದ್ದುತ್ತಿದ್ದೇನೆ. ಎಡಗಡೆ ಮೂಲಪ್ರತಿ, ಬಲಗಡೆ ಅಚ್ಚಿನ ಹಾಳೆ, ನಡುವೆ ನನ್ನ ಮೂಗು. ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಲಗ್ನಪತ್ರಿಕೆಯ ಮುಹೂರ್ತವನ್ನೂ ಗೋಡೆಯ ಗಡಿಯಾರವನ್ನೂ ತಾಳೆ ನೋಡುತ್ತೇನೆ. ಹೆಂಡತಿಯ ಸಾರನ್ನು ನಮ್ಮವ್ವನ ಸಾರಿನೊಂದಿಗೆ ತಾಳೆ ನೋಡುವುದನ್ನು ಮಾತ್ರ ಬಿಟ್ಟಿದ್ದೇನೆ. ಅದನ್ನು ಅವಳು ಮದುವೆಯಾದ ವರ್ಷವೇ ಬಿಡಿಸಿದಳು.

ಅಣ್ಣ ನೇಕಾರ, ಮದುವೆಯಾಗದವನು. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲೇ ಅವನ ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲಿಳಿಸಿ ಕೂತು ನೇಯುವಂಥದ್ದು. ಹೋದ ವರ್ಷ ಕೆಮ್ಮು ಹೆಚ್ಚಾಗಿ ಮಗ್ಗದಿಂದ ಎದ್ದವನು ಟೀವಿಯ ಮುಂದೆ ಕುಳಿತ. ಹಿಂದಿಗೆ ಡಬ್ ಆದ ಚೀನಾದ ಧಾರಾವಾಹಿ ಅದು. ಹಳೆಯ ಕಾಲದ ಅರಮನೆ, ಕಂತಿಗೊಂದು ಕೊಲೆ, ಪತ್ತೆ ಹಚ್ಚಲು ಒಬ್ಬ ನ್ಯಾಯಾಧಿಕಾರಿ, ಅವನ ಜತೆ ಹೆಣ ಪರೀಕ್ಷಿಸುವ ಒಬ್ಬ ಮುದುಕ. ಅಣ್ಣನಿಗೆ ಆ ಮುದುಕ ಹಿಡಿಸಿಬಿಟ್ಟ. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಗಿರ್ಮಿಟ್ಟು, ಚಹಾ, ಹೆಣ.

ಇದಕ್ಕೆ ಮೂಲ ಒಂದು ಕಾದಂಬರಿ ಎಂದು ತೆರೆಯ ಮೇಲೆ ಬಂದದ್ದೇ ತಡ, ನನ್ನ ಕೈ ಕಡಿಯತೊಡಗಿತು. ಅದರ ಇಂಗ್ಲಿಷ್ ಅನುವಾದವನ್ನು ಮೊಬೈಲಿಗೆ ಇಳಿಸಿಕೊಂಡು, ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಓದಿ ಸುಮ್ಮನಿದ್ದರೆ ನಾನೆಂಥ ಪ್ರೂಫ್ ತಿದ್ದುವವನು! ಕಾದಂಬರಿಯ ನ್ಯಾಯಾಧಿಕಾರಿಗೆ ಐವತ್ತೈದು ವರ್ಷ, ಹುಳುಕು ಹಲ್ಲು, ಕೂತರೆ ಎಬ್ಬಿಸಲು ಇಬ್ಬರು ಬೇಕು. ಟೀವಿಯವನಿಗೆ ಇಪ್ಪತ್ತೈದು, ಕೆಸರಿನಲ್ಲಿ ಹೊರಳಾಡಿ ಕಾದಿದರೂ ಬಿಳಿ ನಿಲುವಂಗಿಗೆ ಒಂದು ಕಲೆಯಿಲ್ಲ. ಕಾದಂಬರಿಯಲ್ಲಿ ವಿಷವಿರುವುದು ದೀಪದ ಎಣ್ಣೆಯಲ್ಲಿ. ಅದರ ಹೊಗೆ ಕುಡಿದು ಗುಮಾಸ್ತನೊಬ್ಬ ತಿಂಗಳುಗಟ್ಟಲೆ ಸವೆದು ಸಾಯುತ್ತಾನೆ. ಟೀವಿಯಲ್ಲಿ ಅವನು ಒಂದು ಗುಟುಕು ಚಹಾ ಕುಡಿದು ಅಲ್ಲೇ ಬೀಳುತ್ತಾನೆ. ಇಂಥದೊಂದೊಂದು ಬಂದಾಗಲೂ ನಾನು ಕೂಗಿ ಹೇಳುತ್ತಿದ್ದೆ.

"ನೀವು ಸುಮ್ಮ ಕುಂಡ್ರತೀರೋ, ಟೀವಿ ಬಂದ್ ಮಾಡ್ಲ್ಯೋ?" ಅನ್ನುತ್ತಿದ್ದಳು ಹೆಂಡತಿ.

"ಲೇ ತಮ್ಮಾ," ಅಣ್ಣ ಕೆಮ್ಮುತ್ತಲೇ ನಗುತ್ತಿದ್ದ, "ಪುಸ್ತಕ ನೀ ಒಬ್ಬಾಂವ ಓದ್ತಿ. ಟೀವಿ ಮುಂದ ಮನಿಮಂದಿ ಎಲ್ಲಾ ಕುಂತಿರತಾರ. ತಿಂಗಳಗಟ್ಲೆ ಸಾಯಾಂವನ್ನ ಯಾರು ನೋಡ್ಕೋತ ಕುಂಡ್ರತಾರ?"

ಒಂದು ವ್ಯತ್ಯಾಸವನ್ನು ಮಾತ್ರ ನಾನು ಕೊನೆಗೆಂದು ಬಚ್ಚಿಟ್ಟುಕೊಂಡಿದ್ದೆ. ಕಾದಂಬರಿಯ ಕಡೆಯ ಅಧ್ಯಾಯದಲ್ಲಿ ಮುದುಕ ಸಾಯುತ್ತಾನೆ. ಟೀವಿಯವರು ಅವನನ್ನು ಕೊಲ್ಲುವ ಧೈರ್ಯ ಮಾಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಆ ಕಂತು ಬಂದ ದಿನ ಅಣ್ಣನ ಮುಂದೆ ಡಂಗುರ ಸಾರಬೇಕೆಂದು ಕಾದಿದ್ದೆ.

ಅಷ್ಟರಲ್ಲಿ ಅಣ್ಣನನ್ನು ಹುಬ್ಬಳ್ಳಿಗೆ ತೋರಿಸಿ ಬಂದೆವು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಪುಪ್ಪುಸದಲ್ಲಿ ಗಡ್ಡೆ ಹಬ್ಬಿದೆ, ಇನ್ನು ಮೂರು ತಿಂಗಳು ಬದುಕಬಹುದು ಎಂದರು. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಅಣ್ಣನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. "ಕಫ ಕಟ್ಟೈತಂತ, ಗುಳಿಗಿ ತಗೊಂಡ್ರ ಆತು" ಎಂದೆ. ಅವನು ತಲೆಯಾಡಿಸಿದ.

ಕೊನೆಯ ಕಂತು ಬಂತು. ನಾನೆಣಿಸಿದಂತೆಯೇ ಮುದುಕ ಬದುಕಿಕೊಂಡ; ಹೆಗಲಿಗೆ ಬಟ್ಟೆಗಂಟು ಏರಿಸಿಕೊಂಡು ಸೇತುವೆ ದಾಟಿ ಹೋದ. ಹೆಂಡತಿ ಕಣ್ಣೊರೆಸಿಕೊಂಡಳು. ಅಣ್ಣ ನನ್ನ ಕಡೆ ತಿರುಗಿದ.

"ಪುಸ್ತಕದಾಗ?"

"ಹಿಂಗ ಐತಿ, ಅಣ್ಣಾ. ಎರಡೂ ಒಂದ."

ಅವನು ಟೀವಿ ಆರಿಸಿದ. ಹೆಂಡತಿ ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋಗುವವರೆಗೂ ಕಾದ.

"ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡಸಿದ್ದು ಕಣ್ಣಿಗೆ ಕಾಣೂದಿಲ್ಲ. ಬೆರಳಾಡಸಿದ್ರ ಗೊತ್ತಾಗ್ತೈತಿ," ಎಂದ. "ಹುಟ್ಟಿದಾಗಿಂದ ನೀ ಒಂದ ಸಲಾನೂ ಎರಡೂ ಒಂದ ಅಂದಾಂವ ಅಲ್ಲ. ಮುದುಕ ಸಾಯ್ತಾನ, ಹೌದಿಲ್ಲೋ?"

ನಾನು ಆರಿದ ಟೀವಿಯ ಕಡೆ ತಿರುಗಿದೆ.

"ಹುಬ್ಬಳ್ಳಿಂದ ಬಂದು ನೀ ನನಗ ಹೇಳಿದ್ದು ಟೀವಿದು. ಈಗ ಪುಸ್ತಕದಾಗಿಂದು ಹೇಳು."

ಹೇಳಿದೆ. ಅಳುತ್ತಲೇ ಹೇಳಿದೆ. ಇಡೀ ಧಾರಾವಾಹಿಯಲ್ಲಿ ಆ ಬಿಳಿ ನಿಲುವಂಗಿಯವನು ಅಣ್ಣನಷ್ಟು ಸಲೀಸಾಗಿ ಒಂದು ಗುಟ್ಟನ್ನೂ ಬಿಡಿಸಿರಲಿಲ್ಲ. ಅಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟು, "ಆತು ಬಿಡು. ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ನಿಂತೈತಿ, ನನ್ನನ್ನ ಕುಣಿಗೆ ಇಳಸು," ಎಂದ. ದಿನಕ್ಕೆ ನಾಲ್ಕು ಬೆರಳಷ್ಟು ನೇಯ್ದು ಆ ಸೀರೆಯನ್ನು ಮುಗಿಸಿದ. ಡಾಕ್ಟರು ಹೇಳಿದ ಮೂರು ತಿಂಗಳು ಪೂರ್ತಿ ಸಿಗಲಿಲ್ಲ.

ಹನ್ನೊಂದನೆಯ ದಿನದ ಕಾರ್ಯದ ಪತ್ರಿಕೆ ನಮ್ಮ ಮುದ್ರಣಾಲಯದಲ್ಲೇ ಅಚ್ಚಾಗಬೇಕಿತ್ತು. ಪ್ರೂಫು ನನ್ನ ಮೇಜಿಗೇ ಬಂತು. ಎಡಗಡೆ ನಾನೇ ಬರೆದುಕೊಟ್ಟ ಚೀಟಿ, ಬಲಗಡೆ ಅಚ್ಚಿನ ಹಾಳೆ. ಅಣ್ಣನ ಹೆಸರು, ಊರು, ತಿಥಿ ಎಲ್ಲವನ್ನೂ ನಾಲ್ಕು ಸಲ ತಾಳೆ ನೋಡಿದೆ. ಒಂದಾದರೂ ತಪ್ಪು ಸಿಕ್ಕೀತೆಂದು ಐದನೆಯ ಸಲವೂ ನೋಡಿದೆ. ಸಿಗಲಿಲ್ಲ. ಕೆಳಗೆ 'ಮೂಲದಂತಿದೆ' ಎಂದು ಬರೆದು ಸಹಿ ಹಾಕಿಕೊಟ್ಟೆ.