ಆರು ಹತ್ತರ ನಾಯಿಗಳು

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಅಡಿಕೆ ಅಗಿಯುವ ಚಟ. ನನಗೆ ಗೆರೆ ಎಳೆದು ಕಾಲಂ ಮಾಡುವ ಚಟ. ನಳದ ನೀರು ಯಾವ ದಿನ ಬಂತು, ಎಷ್ಟು ಹೊತ್ತು ಬಂತು, ಅವ್ವ ವಾರಕ್ಕೆ ಎಷ್ಟು ಸಲ ಉಪ್ಪಿಟ್ಟು ಮಾಡಿದಳು, ಅದರಲ್ಲಿ ಎಷ್ಟು ಸಲ ನಾನು ತುಟಿ ಪಿಟಕ್ಕೆನ್ನದೆ ತಿಂದೆ, ಎಲ್ಲಕ್ಕೂ ನನ್ನ ಹತ್ತಿರ ತಾರೀಖು ಸಮೇತ ದಾಖಲೆ ಇದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಇದೊಂದು ಭೂಷಣವೆಂದೇ ನಂಬಿದ್ದೆ. ಆ ನಂಬಿಕೆಗೆ ಮೊದಲ ಏಟು ಕೊಟ್ಟದ್ದು ನಾಯಿಗಳು.

ನಮ್ಮ ಶಾಲೆಯಿಂದ ವರ್ಗವಾಗಿ ಹೋದ ಮೇಡಂ ಒಬ್ಬರು, ಹೊಸ ಬಾಡಿಗೆ ಮನೆಯವರು ನಾಯಿ ಬೇಡ ಎಂದರೆಂದು ತಮ್ಮ ನಾಯಿಯನ್ನು ನನಗೆ ಒಪ್ಪಿಸಿ ಹೋದರು. ಬಿಳಿ, ಪುಟ್ಟ, ಜೋರಾಗಿ ಊದಿದರೆ ಹಾರಿಹೋದೀತು ಎನ್ನುವಂಥ ನಾಯಿ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಅವ್ವನ ಬಾಯಿಗೆ ಅದು ಒಗ್ಗಲಿಲ್ಲ, ಮೂರನೇ ದಿನಕ್ಕೆ ನಾಯಿ ಮಂಡಕ್ಕಿಯಾಯಿತು. ಸಂಜೆಯಾದರೆ ಮಂಡಕ್ಕಿ-ಮಿರ್ಚಿ ಬೇಕೇ ಬೇಕೆನ್ನುವ ನಮ್ಮ ಕೊಟ್ಟೂರಿನಲ್ಲಿ ನಾಯಿಗೆ ಈ ಹೆಸರಿಟ್ಟರೆ ಏನಾಗುತ್ತದೆಂದು ಹೇಳಬೇಕಿಲ್ಲ. ದಾರಿಯಲ್ಲಿ "ಮಂಡಕ್ಕೀ, ಬಾ" ಎಂದರೆ ಯಾರಾದರೊಬ್ಬರು "ಮಿರ್ಚಿ ಎಲ್ರೀ ಟೀಚರ್?" ಅಂದೇ ಅನ್ನುತ್ತಾರೆ. ಇಲ್ಲಿಯವರೆಗೆ ನಲವತ್ತೊಂದು ಸಲ.

ದಿನಾ ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ನಾವಿಬ್ಬರೂ ವಾಕಿಂಗ್ ಹೊರಡುತ್ತಿದ್ದೆವು. ಓಣಿಯ ಮೂಲೆಯಲ್ಲಿ ಮಾಬುಸಾಬರ ಬೈಕ್ ಗ್ಯಾರೇಜು. ಅದರ ಮುಂದೆ ಮೂರು ಬೀದಿನಾಯಿಗಳ ಠಾಣೆ. ಒಂದು ಕಿವಿ ಅರ್ಧಕ್ಕೇ ತುಂಡಾದ, ಎದೆ ಅಗಲದ ಕಂದು ನಾಯಿ ಆ ಠಾಣೆಗೆ ಯಜಮಾನ. ನಾನು ಅವನಿಗೆ ತುಂಡುಕಿವಿ ಎಂದು ಹೆಸರಿಟ್ಟಿದ್ದೆ. ಮೊದಲ ದಿನವೇ ಮೂರೂ ನಾಯಿ ನಮ್ಮ ಮೇಲೆ ಏರಿಬಂದವು. ನಾನು ಮಂಡಕ್ಕಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮನೆಗೆ ಬಂದವಳೇ ಹೊಸ ಪುಸ್ತಕ ತೆಗೆದು ಗೆರೆ ಎಳೆದೆ: ದಿನ, ನಾಯಿಗಳ ಸಂಖ್ಯೆ, ಬಳಸಿದ ಉಪಾಯ, ಫಲಿತಾಂಶ.

ಉಪಾಯಗಳ ಕಾಲಂ ಓದಿದರೆ ಈಗ ನನಗೇ ಅಯ್ಯೋ ಎನಿಸುತ್ತದೆ. ಕೋಲು ಹಿಡಿದು ಹೋದ ದಿನ ಬೀದಿನಾಯಿಗಳಿಗಿಂತ ಮೊದಲು ಮಂಡಕ್ಕಿಯೇ ಹೆದರಿ ರಸ್ತೆ ನಡುವೆ ಕೂತುಬಿಟ್ಟಿತು. ಛತ್ರಿಯನ್ನು ಫಟ್ಟನೆ ಬಿಚ್ಚಿದರೆ ನಾಯಿಗಳು ಬೆಚ್ಚುತ್ತವೆ ಎಂದು ಫೋನಿನಲ್ಲಿ ಓದಿದ್ದೆ. ಅವು ಬೆಚ್ಚಿದ್ದೂ ನಿಜ. ಆದರೆ ಎರಡನೇ ದಿನ ಛತ್ರಿ ಬಿಚ್ಚಲೇ ಇಲ್ಲ, ಮೂರನೇ ದಿನ ಬಿಚ್ಚಿದ್ದು ಮುಚ್ಚಲಿಲ್ಲ. ಬಿಸಿಲೂ ಮಳೆಯೂ ಇಲ್ಲದ ಬೆಳಗಿನಲ್ಲಿ ಛತ್ರಿ ಬಿಚ್ಚಿಕೊಂಡೇ ಊರೆಲ್ಲ ತಿರುಗಿ ಬಂದೆ. ಇನ್ನು ನಮ್ಮ ಕಡೆ ನಾಯಿ ಮೇಲೆ ಬಂದರೆ ಕಲ್ಲು ಎತ್ತಬೇಕಾಗಿಲ್ಲ, ಎತ್ತುವವರಂತೆ ಬಗ್ಗಿದರೆ ಸಾಕು. ಬಗ್ಗಿದೆ. ಹೆಗಲ ಮೇಲೆ ಮಂಡಕ್ಕಿ ಇದೆ ಎಂಬುದು ಮರೆತುಹೋಗಿತ್ತು. ಅದು ನನ್ನ ತಲೆಯ ಮೇಲಿಂದ ಜಾರಿ ನೇರವಾಗಿ ತುಂಡುಕಿವಿಯ ಮುಂದೆ ಇಳಿಯಿತು. ಒಂದು ಕ್ಷಣ ಎರಡಕ್ಕೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಫಲಿತಾಂಶದ ಕಾಲಮ್ಮಿನಲ್ಲಿ 'ಹಿಂಗಾಲಿಗೆ ಒಂದು ಹಲ್ಲು' ಎಂದು ಬರೆದೆ.

ದನದ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡು ಬಂದ ಸಂಜೆ ಅವ್ವ ತೀರ್ಪು ಕೊಟ್ಟಳು. "ನೋಡು, ಇನ್ನೊಂದು ಸಲ ಇದು ರಕ್ತ ಸುರಿಸ್ಕೊಂಡು ಬಂತಂದ್ರ ಹಿರೇಹಡಗಲಿಗೆ ಕಳಿಸಿಬಿಡ್ತೀನಿ. ನಿಮ್ಮ ಮಾವನ ಹೊಲದಾಗ ಆರಾಮ ಇರ್ತೈತಿ. ನೀ ಮಾತ್ರ ಇದನ್ನ ಕೊಂದು ಕೈ ತೊಳ್ಕೊಂತಿ."

ಒರೆಸಿದ ನೆಲ ಹಸಿಯಿದ್ದರೆ ಕಾಲಿಡದ ನಾಯಿ ಎರೆಹೊಲದ ಕರಿಕೆಸರಿನಲ್ಲಿ ಹೇಗೆ ಬದುಕೀತು? ಅದೂ ಇರಲಿ. ನಾನು ಶಾಲೆಯಿಂದ ಬಂದು ಗೇಟಿನ ಚಿಲಕ ತೆಗೆದ ಕೂಡಲೇ ಬಾಗಿಲ ಹಿಂದೆ ಅದು ಟಪಟಪನೆ ಕುಣಿಯುವ ಸದ್ದು ಕೇಳುತ್ತದೆ. ಎಲ್ಲವನ್ನೂ ಎಣಿಸುವ ನಾನು ಅದೊಂದನ್ನು ಎಂದೂ ಎಣಿಸಿರಲಿಲ್ಲ.

ಆಗ ಹೊಳೆದದ್ದು ಬಿಸ್ಕತ್ತು. ಗ್ಯಾರೇಜಿನ ಮುಂದೆ ನಾಲ್ಕು ಬಿಸ್ಕತ್ತು ಎಸೆದೆ. ಮೂರೂ ನಾಯಿ ಅದರ ಮೇಲೆ ಬಿದ್ದವು, ನಾವು ಪಾರಾದೆವು. 'ಸಂಪೂರ್ಣ ಯಶಸ್ಸು' ಎಂದು ಬರೆದು ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದೆ. ಮುಂದಿನ ಸೋಮವಾರ ನಾಯಿಗಳ ಸಂಖ್ಯೆ ನಾಲ್ಕು. ಬುಧವಾರ ಆರು. ಶುಕ್ರವಾರ ಒಂಬತ್ತು, ಅದೂ ಗ್ಯಾರೇಜಿನ ಮುಂದಲ್ಲ, ನಮ್ಮ ಗೇಟಿನ ಮುಂದೆ. "ಇದೇನಲೇ, ಮನಿ ಮುಂದ ನಾಯಿ ಸಂತಿ ಹಚ್ಚೀಯಲ್ಲ!" ಎಂದು ಅವ್ವ ಪೊರಕೆ ಹಿಡಿದು ಬರುವಷ್ಟರಲ್ಲಿ ಬಿಸ್ಕತ್ತಿಗಾಗಿ ಜಗಳ ಹತ್ತಿತು. ಆ ಗದ್ದಲದಲ್ಲಿ ಯಾರದೋ ಹಲ್ಲು ತಾಗಿ ಮಂಡಕ್ಕಿಯ ಕಿವಿಯಿಂದ ರಕ್ತ ಬಂತು. ಮತ್ತೆ ದನದ ಆಸ್ಪತ್ರೆ, ಮತ್ತೆ ಸೂಜಿ. ಅವ್ವ ನೇರ ಒಳಗೆ ಹೋಗಿ ಮಾವನಿಗೆ ಫೋನ್ ಮಾಡಿದಳು. ಭಾನುವಾರ ಬರುತ್ತೇನೆ ಎಂದನಂತೆ.

ತಪ್ಪೆಲ್ಲ ಬೀದಿನಾಯಿಗಳದ್ದು ಎಂದು ಯಾರಾದರೂ ಸಾಕ್ಷಿ ಹೇಳಿದರೆ ಅವ್ವ ಕರಗಬಹುದು ಎನಿಸಿತು. ಶನಿವಾರ ಪುಸ್ತಕ ಹಿಡಿದು ಮಾಬುಸಾಬರ ಹತ್ತಿರ ಹೋದೆ. ಅವರು ಕೈ ಒರೆಸಿಕೊಂಡು, ಆದರೂ ಪುಟಕ್ಕೊಂದು ಆಯಿಲ್ ಬೆರಳಚ್ಚು ಒತ್ತುತ್ತ, ಪೂರ್ತಿ ಓದಿದರು.

"ಟೀಚರಮ್ಮ, ಬಿಸ್ಕಿಟ್ ಚಾಲೂ ಆದಮ್ಯಾಗ ಅವು ಕಚ್ಚಾಕ ಬಂದಿಲ್ಲ. ಹಾಜರಿ ಹಾಕಾಕ ಬಂದಾವು."

"ಅಂದ್ರ?"

"ಆರು ಗಂಟಿ ಆತಂದ್ರ ಆ ತುಂಡುಕಿವಿ ಹರಪನಹಳ್ಳಿ ಬಸ್ಸಿಗೆ ಕಾಯೋರಂಗ ನಿಮ್ಮ ಮನಿ ಕಡೀನ ನೋಡ್ಕೊಂತ ಕುಂದರ್ತಾನ. ನಮ್ಮ ಗ್ಯಾರೇಜಿನ ಹುಡುಗ್ರು ಇಷ್ಟು ಟೈಮಿಗೆ ಸರಿಯಾಗಿ ಬಂದಿದ್ರ ನಾ ಯಾವಾಗೋ ಉದ್ಧಾರ ಆಗ್ತಿದ್ದೆ. ಒಂದಿನ ಹೊತ್ತು ತಪ್ಪಿಸಿ, ಕೈಯಾಗ ಏನೂ ಇಲ್ದಂಗ, ಸುಮ್ನ ನಡ್ಕೊಂತ ಬರ್ರಿ. ಓಡಬ್ಯಾಡ್ರಿ. ಮತ್ತ ಅದನ್ನ ಬರಿಬ್ಯಾಡ್ರಿ."

ಮನೆಗೆ ಬಂದು, ಹೊತ್ತು ತಪ್ಪಿಸುವುದಕ್ಕೆ ಒಂದು ವೇಳಾಪಟ್ಟಿ ಹಾಕಿದೆ. ಸೋಮವಾರ ಐದು ಐವತ್ತು, ಮಂಗಳವಾರ ಆರು ಮೂವತ್ತೈದು, ಹೀಗೆ ಅಕ್ಟೋಬರ್ ತಿಂಗಳಿಡೀ. ಆಮೇಲೆ ನೆನಪಾಯಿತು, ಮಾವ ಬರುವುದು ಭಾನುವಾರ, ಮಂಡಕ್ಕಿಗೆ ಸೋಮವಾರವೇ ಇಲ್ಲ.

ಭಾನುವಾರ ಎದ್ದಾಗ ಬಾಗಿಲಲ್ಲಿ ಮಾವನ ಬೈಕ್ ನಿಂತಿತ್ತು. ಮಾವ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವ್ವ ಇರಲಿಲ್ಲ, ಮಂಡಕ್ಕಿಯೂ ಇರಲಿಲ್ಲ. ಬರಿಗಾಲಲ್ಲೇ ಓಣಿಗೆ ಓಡಿದೆ.

ಓಣಿಯ ತುದಿಯಿಂದ ಅವ್ವ ಬರುತ್ತಿದ್ದಳು. ಒಂದು ಕೈಯಲ್ಲಿ ಹಾಲಿನ ಪಾಕೀಟು. ಬೆನ್ನ ಹಿಂದೆ, ಹಗ್ಗವಿಲ್ಲ ಏನಿಲ್ಲ, ಬಾಲ ಎತ್ತಿಕೊಂಡು ಮಂಡಕ್ಕಿ. ಗ್ಯಾರೇಜಿನ ಮುಂದೆ ಮಲಗಿದ್ದ ತುಂಡುಕಿವಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ.

"ಏನ್ ಮಾಡಿದಿಬೇ ಅವ್ವ?"

"ಏನ್ ಮಾಡ್ಬೇಕಾಗಿತ್ತು? ಹಾಲಿಗೆ ಹೊಂಟಿದ್ದೆ, ಇದು ಬೆನ್ನು ಹತ್ತಿತು. ಆ ದೊಡ್ಡದು ಗುರ್ ಅಂತು. ಹಚಾ ಅಂದೆ. ಮಕ್ಕೊಂತು."

ಹಚಾ! ನನ್ನ ಉಪಾಯಗಳ ಕಾಲಮ್ಮಿನ ಹದಿನಾಲ್ಕು ಸಾಲಿನಲ್ಲಿ ಈ ಎರಡಕ್ಷರ ಎಲ್ಲೂ ಇರಲಿಲ್ಲ.

ಮಾವ ಲೋಟ ಕೆಳಗಿಟ್ಟು "ಹಂಗಾರ ನಾಯಿ ಕಟ್ಟಿಕೊಡಕ್ಕ, ಬಿಸಲಾಗೋದ್ರಾಗ ಹೊಂಡ್ತೀನಿ" ಅಂದ. ಅವ್ವ ಮಂಡಕ್ಕಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನಾಯಿದೇನೂ ತಪ್ಪಿಲ್ಲೋ ತಮ್ಮಾ. ಹೆಂಗೂ ದಸರಾ ರಜಾ ಐತಿ, ಇಕಿನ್ನ ಕರ್ಕೊಂಡು ಹೋಗು. ಒಂದು ವಾರ ಹೊಲದಾಗ ಬಿಡು."

ಹಾಗಾಗಿ ಇದನ್ನು ಹಿರೇಹಡಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಾವನ ಮನೆಯಲ್ಲಿ ಎರಡು ನಾಯಿಗಳಿವೆ, ನಸುಕಿಗೇ ಮಾವನ ಹಿಂದೆ ಹೊಲಕ್ಕೆ ಹೋಗಿಬಿಡುತ್ತವೆ, ನನ್ನನ್ನು ಯಾವುದೂ ಕೇಳುವುದಿಲ್ಲ. ನಿನ್ನೆ ಅವ್ವನಿಗೆ ಫೋನ್ ಮಾಡಿದೆ. ಮಂಡಕ್ಕಿ ಆರಾಮಾಗಿದೆಯಂತೆ. "ಆದ್ರ ಆ ತುಂಡುಕಿವಿ ದಿನಾ ಮುಂಜಾನಿ ಬಂದು ಗೇಟಿನ ಮುಂದ ಕುಂದ್ರತಾನಲೇ. ನಿನ್ನ ಕೇಳಾಕ ಬರ್ತಾನೋ ಏನೋ."

"ಎಷ್ಟು ಗಂಟಿಗೆ?" ಎಂದು ಕೇಳಿದೆ.

"ಅದನ್ನೆಲ್ಲ ಬರ್ದಿಡಾಕ ನನಗೇನು ನಿನ್ನಂಗ ತಲಿ ಕೆಟ್ಟೈತೇನು?" ಎಂದು ಅವ್ವ ಫೋನ್ ಇಟ್ಟಳು.

ಕೇಳಬೇಕಾಗಿಯೇ ಇರಲಿಲ್ಲ. ಇವತ್ತು ಬೆಳಿಗ್ಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ನಾನು ಮಾವನ ಅಂಗಳದಲ್ಲಿ ನಿಂತಿದ್ದೆ, ಕೈಯಲ್ಲಿ ನಾಲ್ಕು ಬಿಸ್ಕತ್ತಿದ್ದವು. ಸುತ್ತ ಒಂದು ನಾಯಿಯೂ ಇರಲಿಲ್ಲ. ಗಡಿಯಾರ ನೋಡಿದೆ, ಆರು ಹತ್ತು. ಸ್ವಲ್ಪ ಹೊತ್ತು ಕಾದು, ನಾಲ್ಕನ್ನೂ ನಾನೇ ತಿಂದೆ.